ಕ್ಯಾಮೆರಾ ರಿಪೇರಿಯವರನ್ನು ಹುಡುಕುತ್ತಾ...



ಕಳೆದ ತಿಂಗಳು ದೇವನಹಳ್ಳಿಯಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಯೋಗಕ್ಷೇಮದ ಮಾತುಗಳೆಲ್ಲ ಮುಗಿದ ಮೇಲೆ, "ಸಾರ್, ಅಟ್ಟ ಗುಡಿಸುವಾಗ ನಮ್ಮ ತಾತನ ಕ್ಯಾಮೆರಾ ಸಿಕ್ಕಿತು. ರೀಲು ಹಾಕುವ ಹಳೇ ಕಾಲದ್ದು. ನಂಬಿ ಕೊಡಬಹುದಾದ ರಿಪೇರಿಯವರು ಯಾರಾದರೂ ಗೊತ್ತೇ?" ಎಂದು ಕೇಳಿದ. ಒಂದು ಹೆಸರು, ಒಂದು ವಿಳಾಸ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಪ್ರಶ್ನೆಯಲ್ಲಿದ್ದ 'ನಂಬಿ' ಎಂಬ ಪದ ನನ್ನನ್ನು ತಡೆಯಿತು. ಇದೇ ಪ್ರಶ್ನೆಯನ್ನು ಹೊತ್ತು ನಾನೂ ಅಲೆದವನು. ಒಮ್ಮೆ ನಂಬಿ ಕೆಟ್ಟವನು. ಆದ್ದರಿಂದ ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು, ಸ್ವಲ್ಪ ಇತಿಹಾಸವನ್ನೂ ಸೇರಿಸಿ, ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಪಾಠ ಉದ್ದವಾದರೆ ಮೇಷ್ಟರ ಹಳೆಯ ಚಾಳಿಯೆಂದು ಕ್ಷಮಿಸುವುದು.

ಛಾಯಾಗ್ರಹಣದ ವಿಧಾನವನ್ನು ಫ್ರಾನ್ಸಿನಲ್ಲಿ ಡಾಗೇರ್ ಎಂಬಾತನ ಹೆಸರಿನಲ್ಲಿ ಲೋಕಕ್ಕೆ ಪ್ರಕಟಿಸಿದ್ದು 1839ರಲ್ಲಿ. ಅದು ನಮ್ಮ ನಾಡನ್ನು ತಲುಪಲು ಬಹಳ ಕಾಲ ಹಿಡಿಯಲಿಲ್ಲ. 1854ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಚಿತ್ರೀಕರಿಸಿದ. ಮರುವರ್ಷ ಥಾಮಸ್ ಬಿಗ್ಸ್ ಎಂಬ ಇನ್ನೊಬ್ಬ ಅಧಿಕಾರಿ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕ್ಯಾಮೆರಾ ಹೂಡಿದ. ಬಿಗ್ಸ್ ಮೊದಲಾದವರು ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಅಂದಿನ ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆ, ಮುಂದೊಂದು ಹಿತ್ತಾಳೆಯ ಕೊಳವೆಯಲ್ಲಿ ಕೂರಿಸಿದ ಮಸೂರ. ಮರ ಬಿರುಕುಬಿಟ್ಟರೆ ಬಡಗಿ, ಮೊಳೆ ಸಡಿಲವಾದರೆ ಕಂಚುಗಾರ. ಊರಿನ ಕಸುಬಿನವರ ಕೈಯಳತೆಯನ್ನು ಮೀರಿದ್ದು ಅದರಲ್ಲಿ ಮಸೂರವೊಂದೇ.

ಈ ಮಾತಿಗೆ ನೆರೆಯ ಕೇರಳದ ಅಲೆಪ್ಪಿಯಲ್ಲಿ ಒಂದು ಸೊಗಸಾದ ನಿದರ್ಶನವಿದೆ. 1940ರ ದಶಕದಲ್ಲಿ ಅಲ್ಲಿಯ ಸ್ಟುಡಿಯೋ ಒಂದರ ಕ್ಯಾಮೆರಾದ ತಿದಿ ಹರಿದುಹೋಯಿತು. ಮಸೂರವನ್ನು ಮುಂದಕ್ಕೂ ಹಿಂದಕ್ಕೂ ಸರಿಸಲು ಅನುವಾಗುವ, ಮಡಿಕೆ ಮಡಿಕೆಯಾದ ಕಪ್ಪು ಚೀಲವೇ ತಿದಿ. ಅದನ್ನು ಸರಿಪಡಿಸಲು ಕೊಟ್ಟದ್ದು ಹಾರ್ಮೋನಿಯಂ ಮೊದಲಾದ ವಾದ್ಯಗಳ ಕೆಲಸ ಮಾಡುತ್ತಿದ್ದ ಮನೆತನಕ್ಕೆ. ಹಾರ್ಮೋನಿಯಂಗೂ ತಿದಿಯುಂಟಲ್ಲ! ಆ ಮನೆಯ ಕೆ. ಕರುಣಾಕರನ್ ತಿದಿಯನ್ನು ಹೊಲಿದುಕೊಟ್ಟದ್ದಷ್ಟೇ ಅಲ್ಲ, ಪೆಟ್ಟಿಗೆಯ ಮರ್ಮವನ್ನೂ ಅರಿತು 'ವಾಗೀಶ್ವರಿ' ಎಂಬ ಹೆಸರಿನ ಸ್ವದೇಶೀ ಕ್ಯಾಮೆರಾವನ್ನೇ ತಯಾರಿಸಿದರು. ದಶಕಗಳ ಕಾಲ ದೇಶದ ಎಷ್ಟೋ ಸ್ಟುಡಿಯೋಗಳಲ್ಲಿ ಮೂರು ಕಾಲಿನ ಮೇಲೆ ನಿಂತು ಮದುವೆಯ ಜೋಡಿಗಳನ್ನು ದಿಟ್ಟಿಸಿದ್ದು ಆ ಪೆಟ್ಟಿಗೆ. ರಿಪೇರಿ ಮಾಡುವ ಕೈಯೇ ಮುಂದೆ ನಿರ್ಮಾಣದ ಕೈಯೂ ಆಗುವುದೆಂಬುದನ್ನು ನಾವು ಮರೆಯಬಾರದು.

ಸ್ವಾತಂತ್ರ್ಯಾನಂತರದ ಕತೆ ಬೇರೆ. ವಿದೇಶೀ ವಿನಿಮಯದ ಕೊರತೆಯಿಂದ ಆಮದಿನ ಮೇಲೆ ಬಿಗಿಯಾದ ಕಟ್ಟುಪಾಡುಗಳಿದ್ದವು. ಬಡೋದೆಯ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಸಂಸ್ಥೆ ಜರ್ಮನಿಯ ಆಗ್ಫಾದವರ ಪರವಾನಗಿಯಿಂದ ತಯಾರಿಸಿದ 'ಆಗ್ಫಾ ಕ್ಲಿಕ್ 3' ಎಂಬ ಸರಳ ಡಬ್ಬಿಯೇ ಮಧ್ಯಮ ವರ್ಗದ ಮನೆಗಳ ಕ್ಯಾಮೆರಾ. ಒಂದು ರೀಲಿಗೆ ಹನ್ನೆರಡೇ ಚಿತ್ರ. ಕಪ್ಪು-ಬಿಳುಪು ಫಿಲ್ಮಿಗಾಗಿ ಭಾರತ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಊಟಿಯ ಅದರ ಕಾರ್ಖಾನೆಯಲ್ಲಿ 1967ರಲ್ಲಿ ಉತ್ಪಾದನೆ ಆರಂಭವಾಗಿ 'ಇಂದು' ಎಂಬ ಹೆಸರಿನ ಫಿಲ್ಮು ಅಂಗಡಿಗಳಿಗೆ ಬಂದಿತು. ಉತ್ತಮ ಕ್ಯಾಮೆರಾ ಬೇಕೆಂದವರು ಮಾತ್ರ ಹೊರದೇಶದಿಂದ ಬರುವ ನೆಂಟರ ದಾರಿ ಕಾಯಬೇಕು, ಇಲ್ಲವೇ ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಕೊಳ್ಳಬೇಕು. ಬಿಡಿಭಾಗಗಳಂತೂ ದುರ್ಲಭ. ಮುರಿದ ಸ್ಪ್ರಿಂಗಿಗೆ ಬದಲಿ ಸ್ಪ್ರಿಂಗನ್ನು ರಿಪೇರಿಯವರೇ ಬಗ್ಗಿಸಿ ಮಾಡಬೇಕು, ಸವೆದ ತಿರುಪನ್ನು ಅವರೇ ಕಡೆಯಬೇಕು. ಈ ಕೊರತೆಯ ಕಾಲವೇ ನಮ್ಮಲ್ಲಿ ರಿಪೇರಿಯ ಕುಶಲಕಲೆಯನ್ನು ಬೆಳೆಸಿತೆಂದರೆ ಅತಿಶಯೋಕ್ತಿಯಲ್ಲ.

ಬೆಂಗಳೂರಿನಲ್ಲಿ ಆ ಕಲೆಗೆ ಒಳ್ಳೆಯ ಮಣ್ಣೂ ಇತ್ತು. ಇಂದು ಎಸ್.ಜೆ.ಪಿ. ಎಂದು ಕರೆಯುವ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣವನ್ನು ಬೋಧಿಸಲಾಗುತ್ತಿತ್ತು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ 1946ರಲ್ಲಿ ಡಿಪ್ಲೊಮಾ ಪಡೆದು, ಮುಂದೆ ಗುರುದತ್ತರ ಚಿತ್ರಗಳಿಗೆ ನೆರಳು ಬೆಳಕಿನ ಮಾಂತ್ರಿಕರಾದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಗೋವಿಂದ ನಿಹಲಾನಿಯವರೂ ಅದೇ ಸಂಸ್ಥೆಯ ವಿದ್ಯಾರ್ಥಿ. ಹವ್ಯಾಸಿಗಳ ಬಳಗವೂ ದೊಡ್ಡದು. ವನ್ಯಜೀವಿ ಛಾಯಾಗ್ರಹಣದಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ಕರ್ನಾಟಕದ ಹೆಸರನ್ನು ಹೊರದೇಶಗಳಿಗೂ ಒಯ್ದರು. ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಚಿತ್ರ ತೆಗೆಯುವವರು ಇಷ್ಟು ಮಂದಿ ಇದ್ದಲ್ಲಿ ಯಂತ್ರ ಸರಿಪಡಿಸುವವರೂ ಇರಲೇಬೇಕಷ್ಟೆ. ಚಿತ್ರ ತೆಗೆದವರ ಹೆಸರು ಪ್ರದರ್ಶನಗಳಲ್ಲಿ ಉಳಿಯಿತು. ಯಂತ್ರ ಸರಿಪಡಿಸಿದವರ ಹೆಸರು ರಸೀದಿಯ ಚೀಟಿಯೊಂದಿಗೆ ಹರಿದುಹೋಯಿತು.

ಇನ್ನೊಂದು ಕಾರಣ ಜಾಲಹಳ್ಳಿಯ ಎಚ್.ಎಂ.ಟಿ. ಅಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಕೈಗಡಿಯಾರದ ತಯಾರಿಕೆ ಆರಂಭವಾಯಿತು. ಕೂದಲೆಳೆಯಂತಹ ಸ್ಪ್ರಿಂಗು, ಸಾಸಿವೆಗಿಂತ ಚಿಕ್ಕ ತಿರುಪು ಇವುಗಳೊಡನೆ ದಿನವಿಡೀ ವ್ಯವಹರಿಸಬಲ್ಲ ಸಾವಿರಾರು ಕೈಗಳು ನಮ್ಮ ಜಿಲ್ಲೆಯ ಹಳ್ಳಿ ಪಟ್ಟಣಗಳಿಂದ ಅಲ್ಲಿಗೆ ಹೋದವು. ಕ್ಯಾಮೆರಾದ ಶಟರ್ ಎಂಬುದು ಒಂದು ಬಗೆಯ ಗಡಿಯಾರವೇ ತಾನೆ? ಒಂದು ಸೆಕೆಂಡು, ಅರ್ಧ ಸೆಕೆಂಡು, ಸೆಕೆಂಡಿನ ಐನೂರನೆಯ ಒಂದು ಭಾಗ, ಹೀಗೆ ಬೆಳಕಿಗೆ ಬಾಗಿಲು ತೆರೆದು ಮುಚ್ಚುವ ಗಡಿಯಾರ. ನಿಧಾನದ ವೇಗಗಳನ್ನು ನಿಯಂತ್ರಿಸಲು ಅದರೊಳಗೆ ಗಡಿಯಾರದಲ್ಲಿರುವಂಥದೇ ಹಲ್ಲುಚಕ್ರಗಳ ಸಾಲು ಇರುತ್ತದೆ. ಎಚ್.ಎಂ.ಟಿ. ಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕಾರ್ಖಾನೆ ಮುಚ್ಚಬಹುದು, ಕೈ ಕಲಿತದ್ದನ್ನು ಮುಚ್ಚಲಾಗದು. ಆ ಮಾತಿನ ಸತ್ಯ ನನಗೆ ತಿಳಿದದ್ದು ಹೇಗೆಂದು ಇನ್ನು ಹೇಳುತ್ತೇನೆ.

ನಮ್ಮ ಬಂಧುಗಳಿಗೆಲ್ಲ ನೆನಪಿರಬಹುದು, ನಮ್ಮಣ್ಣನ ಬಳಿ ಒಂದು ಯಾಷಿಕಾ ಮ್ಯಾಟ್ ಕ್ಯಾಮೆರಾ ಇತ್ತು. ಮೇಲೊಂದು ಕೆಳಗೊಂದು ಎರಡು ಕಣ್ಣಿನದು. ಎದೆಯ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ ಗಾಜಿನಲ್ಲಿ ನೋಡಿ ತೆಗೆಯುವಂಥದು. 1983ರಲ್ಲಿ ಕೊಲ್ಲಿ ದೇಶದಿಂದ ಮರಳಿದವರೊಬ್ಬರಿಂದ ಕೊಂಡದ್ದು. ದೊಡ್ಡಬಳ್ಳಾಪುರದ ನಮ್ಮ ಬೀದಿಯ ನಾಮಕರಣ, ಗೃಹಪ್ರವೇಶ, ಘಾಟಿ ಸುಬ್ರಹ್ಮಣ್ಯದ ಜಾತ್ರೆ ಎಲ್ಲವೂ ಆ ಕಣ್ಣುಗಳ ಮುಂದೆಯೇ ನಡೆದವು. ಮಗ್ಗದ ಕೆಲಸ ಮುಗಿಸಿ, ಕೈಯ ಎಣ್ಣೆ ತೊಳೆದು, ಒಗೆದ ಪಂಚೆಯ ಅಂಚಿನಿಂದ ಚರ್ಮದ ಚೀಲವನ್ನು ಒರೆಸಿಯೇ ಅಣ್ಣ ಅದನ್ನು ಮುಟ್ಟುತ್ತಿದ್ದುದು. 1998ರಲ್ಲಿ ಅಣ್ಣ ತೀರಿಕೊಂಡ ಮೇಲೆ ಕ್ಯಾಮೆರಾ ಬೀರು ಸೇರಿತು. 2022ರಲ್ಲಿ ಹಳೆಯ ಮನೆಯನ್ನು ಖಾಲಿ ಮಾಡುವಾಗ ಅತ್ತಿಗೆ ಅದನ್ನು ನನ್ನ ಕೈಗಿಟ್ಟು, "ನೀವೇ ಇಟ್ಟುಕೊಳ್ಳಿ. ಒಳಗೆ ಏನಾದರೂ ಇದ್ದರೆ ನನಗೂ ತೋರಿಸಿ" ಎಂದರು. ಆ ಎರಡನೆಯ ಮಾತನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ತಪ್ಪು ಶುರುವಾದದ್ದು ಅಲ್ಲಿಂದಲೇ.

ಗುಂಡಿ ಒತ್ತಿದರೆ ಶಟರ್ ಅರ್ಧ ತೆರೆದು ನಿಂತುಬಿಡುತ್ತಿತ್ತು. ಊರಿನ ಸ್ಟುಡಿಯೋದವರು ಈಗ ಫ್ಲೆಕ್ಸ್ ಮುದ್ರಣಕ್ಕೆ ಇಳಿದಿದ್ದಾರೆ. ರಿಪೇರಿ ಬೆಂಗಳೂರಿನಲ್ಲೇ ಆಗಬೇಕೆಂದರು. ನೆಲಮಂಗಲ, ಹೊಸಕೋಟೆಗಳಲ್ಲಿ ವಿಚಾರಿಸಿದಾಗಲೂ ಅದೇ ಉತ್ತರ. ಕೊನೆಗೆ ಬೆಂಗಳೂರಿನ ಒಂದು ಅಂಗಡಿಗೆ ಹೋದೆ. ಅದರ ಹೆಸರು ಇಲ್ಲಿ ಬೇಡ. ಗಲ್ಲೆಯ ಹಿಂದಿದ್ದ ಯುವಕ ಕ್ಯಾಮೆರಾ ತೆಗೆದುಕೊಂಡವನೇ, ನಾನು ಬಾಯಿ ತೆರೆಯುವ ಮುನ್ನ, ಹಿಂಬಾಗಿಲನ್ನು ಟ್ಯೂಬ್‌ಲೈಟಿನ ಕೆಳಗೆ ಪೂರ್ತಿ ತೆರೆದ. ಒಳಗೆ ರೀಲು ಇತ್ತು. "ಅಯ್ಯೋ, ರೀಲಿದೆಯಲ್ಲ" ಎಂದು ಮುಚ್ಚಿದ. ಪಕ್ಕದ ಸಣ್ಣ ಕಿಟಕಿಯಲ್ಲಿ 8 ಎಂಬ ಅಂಕಿ ಅಷ್ಟು ದಿನವೂ ನನ್ನ ಕಣ್ಣಿಗೆ ಕಾಣುವಂತೆಯೇ ಇತ್ತು. ಮೂವತ್ತು ವರ್ಷ ಮಕ್ಕಳಿಗೆ ಮಸೂರ, ಬಿಂಬ, ಬೆಳಕಿನ ರಾಸಾಯನಿಕ ಕ್ರಿಯೆ ಎಂದು ಹಲಗೆಯ ಮೇಲೆ ಬರೆದ ಮೇಷ್ಟರಿಗೆ ಆ ಅಂಕಿಯನ್ನು ನೋಡಬೇಕೆಂದು ಹೊಳೆಯಲಿಲ್ಲ. ಯುವಕನನ್ನು ದೂರುವುದಕ್ಕೆ ಮೊದಲು ನನ್ನನ್ನು ದೂರಿಕೊಳ್ಳಬೇಕು.

ಆದರೂ ಅಲ್ಲಿಯೇ ಬಿಟ್ಟು ಬಂದೆ. ವಾರವೆಂದದ್ದು ಎರಡು ತಿಂಗಳಾಯಿತು. ರಸೀದಿ ಕೊಟ್ಟಿರಲಿಲ್ಲ. ಕೊನೆಗೆ "ಸರಿಹೋಗಿದೆ" ಎಂದು ಹಣ ಪಡೆದು ಕೊಟ್ಟರು. ಮನೆಗೆ ಬಂದು ಮೂರನೆಯ ದಿನಕ್ಕೆ ಶಟರ್ ಪೂರ್ತಿ ಅಂಟಿಕೊಂಡಿತು. ರೀಲು ಮಾತ್ರ ಒಳಗೆ ಹಾಗೆಯೇ ಇತ್ತು. ಬಹುಶಃ ಕೆಟ್ಟದ್ದೆಂದು ಯಾರೂ ಮುಟ್ಟಿರಲಿಲ್ಲ. ಅತ್ತಿಗೆಗೆ ಏನೆಂದು ಹೇಳಲಿ? ಹಲವು ದಿನ ಅವರ ಮನೆಯ ಕಡೆಗೆ ಹೋಗುವುದನ್ನೇ ತಪ್ಪಿಸಿದೆ.

ನಮ್ಮೂರ ಹಳೆಯ ಬಸ್ ನಿಲ್ದಾಣದ ಬಳಿ ಗಡಿಯಾರ ರಿಪೇರಿಯವರೊಬ್ಬರಿದ್ದಾರೆ. ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಹೋದಾಗ ಮಾತಿಗೆ ಮಾತು ಬಂದು ಕ್ಯಾಮೆರಾ ತೋರಿಸಿದೆ. ಕಣ್ಣಿಗೆ ಭೂತಗನ್ನಡಿ ಹಾಕಿ ಎರಡು ನಿಮಿಷ ನೋಡಿ, ಬಟ್ಟೆಯಲ್ಲಿ ಸುತ್ತಿ ಹಿಂದಿರುಗಿಸಿದರು. "ಬಿಚ್ಚಬಲ್ಲೆ ಮೇಷ್ಟ್ರೇ, ಆದರೆ ಜೋಡಿಸಬಲ್ಲೆ ಅಂತ ಧೈರ್ಯವಿಲ್ಲ. ಇದು ನನ್ನ ಕೈಗೆ ಮೀರಿದ್ದು. ವಿಜಯಪುರದಲ್ಲಿ ಒಬ್ಬರಿದ್ದಾರೆ, ವಾಚ್ ಫ್ಯಾಕ್ಟರಿಯಲ್ಲಿದ್ದವರು. ಅವರ ಹತ್ತಿರ ಹೋಗಿ" ಎಂದರು. 'ನನಗೆ ಬಾರದು' ಎಂದು ಹೇಳಿದ ಮೊದಲ ವ್ಯಕ್ತಿ ಅವರು. ನನಗೆ ನಂಬಿಕೆ ಮರಳಿದ್ದೂ ಅವರ ಆ ಮಾತಿನಿಂದಲೇ.

ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಗೆ ಹೆಸರಾದ ಊರು. ಅಲ್ಲಿಯ ಒಂದು ಓಣಿಯ ಮನೆಯ ಪಡಸಾಲೆಯಲ್ಲಿ, ಕಿಟಕಿಗೆ ಒತ್ತಿ ಹಾಕಿದ ಮೇಜಿನ ಮುಂದೆ, ಎಪ್ಪತ್ತು ದಾಟಿದ ಹಿರಿಯರು ಕುಳಿತಿದ್ದರು. ಅವರ ಹೆಸರು ಬರೆಯಬಾರದೆಂಬ ಮಾತಿಗೆ ಬದ್ಧನಾಗಿದ್ದೇನೆ. ನಾನು ಕ್ಯಾಮೆರಾ ಚಾಚಿದಾಗ ಅವರು ಕೈ ನೀಡಲಿಲ್ಲ. ಮೊದಲು ಕೇಳಿದ್ದು ಒಂದೇ ಮಾತು: "ಮೇಷ್ಟ್ರೇ, ಒಳಗೆ ರೀಲು ಇದೆಯಾ?"

ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕು, "ಪೂರ್ತಿ ಹಾಳಾಗಿದೆ ಅಂತ ಯಾರು ಹೇಳಿದರು? ಇದು ಬೆನ್ನಿಗೆ ಕಾಗದ ಇರೋ ರೀಲು. ಮೊದಲು ತೆಗೆದ ಚಿತ್ರಗಳು ಸುರುಳಿಯ ಒಳಗಿನ ಸುತ್ತಿನಲ್ಲಿರುತ್ತವೆ, ಮೇಲೆ ಕಾಗದದ ಹೊದಿಕೆ. ಮಸೂರದ ಹಿಂದೆ ಬಿಚ್ಚಿಕೊಂಡಿದ್ದ ಚಿತ್ರ ಹೋಯಿತು, ಅದರ ಹಿಂದಿನ ಒಂದೆರಡೂ ಹೋಗಿರಬಹುದು. ಮೊದಮೊದಲಿನವು ಉಳಿದಿರಬೇಕು" ಎಂದರು. ಅಂದು ರಾತ್ರಿ ಕಿಟಕಿಯಿಲ್ಲದ ಉಗ್ರಾಣದಲ್ಲಿ, ಕಪ್ಪು ಕಂಬಳಿಯ ಒಳಗೆ ಕೈಯಿಟ್ಟು ರೀಲನ್ನು ಕೊನೆಯವರೆಗೆ ಸುತ್ತಿ ತೆಗೆದು, ಕಪ್ಪು ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ನನಗೆ ಕೊಟ್ಟರು. ಕ್ಯಾಮೆರಾದ ಕೆಲಸವನ್ನು ಅವರು ಕೈಗೆತ್ತಿಕೊಂಡದ್ದು ಅದಾದ ಮೇಲೆ.

ಆ ಕೆಲಸವನ್ನು ಎರಡು ದಿನ ಪಕ್ಕದಲ್ಲಿ ಕುಳಿತು ನೋಡಿದೆ. ಬಿಚ್ಚುವ ಮೊದಲು ಮಸೂರದ ಸುತ್ತ ಕೆತ್ತಿದ್ದ ಸಂಖ್ಯೆಯನ್ನು ನನ್ನಿಂದಲೇ ಓದಿಸಿ ಚೀಟಿಯಲ್ಲಿ ಬರೆಸಿದರು. ಒಂದು ಕ್ಯಾಮೆರಾದ ಒಳ್ಳೆಯ ಮಸೂರ ಇನ್ನೊಂದಕ್ಕೆ ಹೋಗಿ, ಬೂಷ್ಟು ಹಿಡಿದದ್ದು ಇದಕ್ಕೆ ಬರುವ ಅಪಾಯ ಈ ಕಸುಬಿನಲ್ಲಿ ಇದ್ದದ್ದೇ. ತೆಗೆದ ತಿರುಪುಗಳನ್ನು ತೆಗೆದ ಕ್ರಮದಲ್ಲೇ ಬಿಳಿಯ ಹಾಳೆಯ ಮೇಲೆ ಸಾಲಾಗಿಟ್ಟರು. ಹಳೆಯ ಎಣ್ಣೆ ಗಟ್ಟಿಯಾಗಿ ಚಕ್ರಗಳು ತಡೆದಿದ್ದುದೇ ಮೂಲ ರೋಗ. ಹಿಂದಿನವರು ಮಾಡಿದ್ದೇನೆಂದರೆ, ಆ ಜಿಗುಟಿನ ಮೇಲೆ ಮತ್ತೆ ಎಣ್ಣೆ ಸುರಿದದ್ದು. ಅದು ಹರಿದು ಶಟರಿನ ರೆಕ್ಕೆಗಳ ನಡುವೆ ಸೇರಿ, ನೆನೆದ ಕಾಗದಗಳಂತೆ ಅವು ಒಂದಕ್ಕೊಂದು ಅಂಟಿದ್ದವು. "ಕ್ಯಾಮೆರಾ ತಾನಾಗಿ ಕೆಡೋದು ಕಡಮೆ ಮೇಷ್ಟ್ರೇ, ಕೆಡಿಸೋದೇ ಜಾಸ್ತಿ. ರೆಕ್ಕೆಗೆ ಎಣ್ಣೆ ಹಾಕೋ ಹಾಗೇ ಇಲ್ಲ" ಎಂದು ಬಿಳಿ ಪೆಟ್ರೋಲಿನಲ್ಲಿ ಮೂರು ಬಾರಿ ತೊಳೆದು ಒಣಗಿಸಿದರು. ಚಕ್ರದ ಮೊನೆಗಳಿಗೆ ಮಾತ್ರ ಸೂಜಿಯ ತುದಿಯಲ್ಲಿ ಎಷ್ಟು ನಿಲ್ಲುವುದೋ ಅಷ್ಟೇ ಎಣ್ಣೆ. ಒಳಗಿನ ಕನ್ನಡಿಯನ್ನು ಒರೆಸಲಿಲ್ಲ, ಗಾಳಿ ಊದಿ ಬಿಟ್ಟರು. ಅದರ ಬೆಳ್ಳಿಯ ಲೇಪ ಗಾಜಿನ ಹಿಂದಲ್ಲದೆ ಮೇಲ್ಮೈಯಲ್ಲೇ ಇರುವುದರಿಂದ ಒರೆಸಿದರೆ ಕಿತ್ತುಬರುತ್ತದೆಯಂತೆ.

ಬೆಳಕನ್ನು ಅಳೆಯುವ ಮೀಟರನ್ನು ಅವರು ಮುಟ್ಟಲಿಲ್ಲ. "ಇದಕ್ಕೆ ಬೇಕಾದ ಪಾದರಸದ ಸೆಲ್ ಈಗ ತಯಾರಾಗೋದಿಲ್ಲ. ಬೇರೆ ಸೆಲ್ ಹಾಕಿ ಓಡಿಸಿದರೆ ಸುಳ್ಳು ಲೆಕ್ಕ ಕೊಡುತ್ತೆ. ಸುಳ್ಳು ಮೀಟರಿಗಿಂತ ಸೂರ್ಯನೇ ಮೇಲು" ಎಂದು ಹಳಬರ ಸೂತ್ರವನ್ನು ನೆನಪಿಸಿದರು. ಚೆನ್ನಾದ ಬಿಸಿಲಿನಲ್ಲಿ ಮಸೂರದ ದ್ವಾರವನ್ನು 16ಕ್ಕೆ ಇಡಬೇಕು. ಫಿಲ್ಮಿನ ವೇಗ 100 ಆದರೆ ಶಟರ್ ಸುಮಾರು ಸೆಕೆಂಡಿನ 125ನೆಯ ಒಂದು ಭಾಗ. ಕೊನೆಗೆ ಒಂದು ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿ, ಕಿವಿಯ ಬಳಿ ಹಿಡಿದು ಕೇಳಿದರು. ಸರ್ರೆಂದು ಒಂದೇ ಸಮನೆ ಹರಿದು ಟಕ್ಕೆಂದು ನಿಂತ ಆ ಸದ್ದು ಅಣ್ಣನ ಕಾಲದ ಸದ್ದೇ. ತೆಗೆದುಕೊಂಡದ್ದು ಸಾವಿರದ ಇನ್ನೂರು ರೂಪಾಯಿ. ಬದಲಾಯಿಸಿದ ಒಂದು ತುಕ್ಕು ಹಿಡಿದ ಸ್ಪ್ರಿಂಗನ್ನೂ ಚೀಟಿಯಲ್ಲಿ ಸುತ್ತಿ ಕೈಗಿತ್ತರು.

ರೀಲನ್ನು ತೊಳೆದುಕೊಟ್ಟದ್ದು, ಅಚ್ಚರಿಯೆಂಬಂತೆ, ನಮ್ಮೂರಿನ ಅದೇ ಫ್ಲೆಕ್ಸ್ ಅಂಗಡಿಯ ಯಜಮಾನರು. ಹಳೆಯ ಡೆವಲಪಿಂಗ್ ಡಬ್ಬಿಯನ್ನು ಅವರು ಎಸೆದಿರಲಿಲ್ಲ. ಎಂಟು ಚಿತ್ರಗಳಲ್ಲಿ ಕೊನೆಯ ನಾಲ್ಕು ಸುಟ್ಟು ಕಪ್ಪಾಗಿದ್ದವು. ಉಳಿದ ನಾಲ್ಕರಲ್ಲಿ ಎರಡು ಮಸುಕು, ಒಂದು ಯಾವುದೋ ಮದುವೆಯ ಚಪ್ಪರ. ಇನ್ನೊಂದರಲ್ಲಿ ನಮ್ಮ ತಾಯಿಯವರು ಮಗ್ಗದ ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತುತ್ತಿದ್ದಾರೆ. ಅಂಚಿನಿಂದ ನುಗ್ಗಿದ ಬೆಳಕು ಹಣೆಯನ್ನೂ ಒಂದು ಕಣ್ಣನ್ನೂ ನುಂಗಿದೆ. ಕೈಗಳು ಮಾತ್ರ ಸ್ಪಷ್ಟವಾಗಿವೆ. ಎಳೆಯನ್ನು ಬೆರಳ ಸಂದಿಯಲ್ಲಿ ಹಿಡಿದ ರೀತಿ, ಬಳೆ, ಎಲ್ಲವೂ. ತಾಯಿಯವರು ಕೆಲಸದಲ್ಲಿ ತೊಡಗಿರುವ ಬೇರೆ ಚಿತ್ರ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಅದನ್ನು ಅತ್ತಿಗೆಗೆ ತೋರಿಸಿ, ನಡೆದ ತಪ್ಪನ್ನೂ ಒಪ್ಪಿಕೊಂಡೆ. ಅವರು ಬಹಳ ಹೊತ್ತು ನೋಡಿ, "ಹೋದದ್ದರಲ್ಲಿ ಏನಿತ್ತೋ" ಎಂದರು. ಅಷ್ಟೇ. ನನಗೆ ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು.

ಈಗ ದೇವನಹಳ್ಳಿಯ ಶಿಷ್ಯನಿಗೆ ಉತ್ತರ. ಮೊದಲು, ಕ್ಯಾಮೆರಾದ ಹಿಂಬಾಗಿಲನ್ನು ತೆರೆಯಬೇಡ, ಬೇರೆಯವರು ತೆರೆಯಲೂ ಬಿಡಬೇಡ. ಅಂಕಿಯ ಕಿಟಕಿ ನೋಡು. ಎರಡನೆಯದಾಗಿ, 'ಏನು ತೊಂದರೆ' ಎಂದು ಕೇಳುವ ಮೊದಲೇ ತಿರುಪುಳಿ ಹಿಡಿಯುವವನಿಂದ ದೂರವಿರು. ಸಂಖ್ಯೆಗಳನ್ನು ಬರೆದಿಟ್ಟುಕೊ, ರಸೀದಿ ಪಡೆ, ತೆಗೆದ ಭಾಗವನ್ನು ಹಿಂದಕ್ಕೆ ಕೇಳು. ಎಲ್ಲವೂ ಸಾಧ್ಯವೆನ್ನುವವನಿಗಿಂತ, ಇಷ್ಟು ಆಗುತ್ತದೆ ಇಷ್ಟು ಆಗದು ಎನ್ನುವವನನ್ನು ಆರಿಸು. ಸರಿಯಾದ ಮೇಲೆ ಬೀರುವಿನಲ್ಲಿ ಮುಚ್ಚಿಡಬೇಡ. ಕತ್ತಲೆ ಮತ್ತು ತೇವದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ತಿಂಗಳಿಗೊಮ್ಮೆ ಹೊರತೆಗೆದು, ಎಲ್ಲ ವೇಗಗಳಲ್ಲೂ ಗುಂಡಿ ಒತ್ತು.

ಫಿಲ್ಮಿನ ಕಾಲ ಮುಗಿಯಿತೆಂದು ಎಲ್ಲರೂ ಹೇಳಿದ್ದರು. ಊಟಿಯ ಕಾರ್ಖಾನೆ ಮುಚ್ಚಿತು. ಕೊಡಾಕ್ ಸಂಸ್ಥೆ 2012ರಲ್ಲಿ ದಿವಾಳಿಯ ಅರ್ಜಿ ಹಾಕಿತು. ಆದರೂ ಫಿಲ್ಮು ನಿಂತಿಲ್ಲ. 2024ರಲ್ಲಿ ಪೆಂಟಾಕ್ಸ್ ಹೆಸರಿನಲ್ಲಿ ಹೊಸದೊಂದು ಫಿಲ್ಮ್ ಕ್ಯಾಮೆರಾ ಮಾರುಕಟ್ಟೆಗೆ ಬಂದಿದೆ. ಯುವಕರು ತಾತಂದಿರ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸುತ್ತಿದ್ದಾರೆ. ಯಂತ್ರ ಇದೆ, ಫಿಲ್ಮು ಇದೆ. ಕಡಿಮೆಯಾಗುತ್ತಿರುವುದು ಸರಿಪಡಿಸುವ ಕೈ. ವಿಜಯಪುರದ ಹಿರಿಯರಿಗೆ ಶಿಷ್ಯರಿಲ್ಲ. ಕಲಿಯಲು ಯಾರಾದರೂ ಬಂದರೆ ಕಲಿಸುವಿರಾ ಎಂದು ಕೇಳಿದೆ. "ಬರಲಿ ಮೇಷ್ಟ್ರೇ. ಆದರೆ ಮೊದಲ ಆರು ತಿಂಗಳು ಬಿಚ್ಚೋಕೆ ಬಿಡೋದಿಲ್ಲ, ನೋಡೋಕೆ ಮಾತ್ರ" ಎಂದರು.

ನನ್ನ ಶಿಷ್ಯರಲ್ಲಿ, ಅವರ ಮಕ್ಕಳಲ್ಲಿ, ತಾಳ್ಮೆಯಿರುವ ಯಾರಿಗಾದರೂ ಇದು ಬೇಕೆನಿಸಿದರೆ ನನಗೆ ತಿಳಿಸಿ. ವಿಜಯಪುರದವರೆಗೆ ಜೊತೆಯಲ್ಲಿ ನಾನೇ ಬರುತ್ತೇನೆ.

ಎಲ್ಲರಿಗೂ ಶುಭವಾಗಲಿ.